ಎಂಟು ಚುಕ್ಕೆ

“ಏಕಾದಶಿ ದಿನ ಉಪಾಸ ಹೊಟ್ಟೀಲೆ ಮೆಟ್ಟಲ ಹತ್ತಿ ಬಂದೀರಲ್ರಿ ಗುರುಗಳ! ಹೇಳಿ ಕಳಿಸಿದ್ರ ನಾನ ಬರ್ತಿದ್ದೆ.”

ಚಂದ್ರಣ್ಣ ಕುರ್ಚಿ ಎಳೆದು ಹಾಕಿ, ಹೆಗಲ ಮೇಲಿನ ಟವಲಿನಿಂದ ಅದರ ಧೂಳನ್ನೂ ಒರೆಸಿದ. ವಿನಯಕ್ಕೆ ಅವನಲ್ಲಿ ಎಂದೂ ಬರವಿರಲಿಲ್ಲ.

ಸೇತುಮಾಧವರಾಯರು ಕೂತರು. ಕೂತವರೇ ಗೋಡೆಯ ಗಡಿಯಾರ ನೋಡಿದರು. ಎರಡೂ ನಲವತ್ತು. ತಲೆಯ ಮೇಲೆ ಫ್ಯಾನು ಸತ್ತು ನಿಂತಿತ್ತು. ಕೆಳಗಿನ ಹತ್ತಿ ಅಂಗಡಿಗಳ ಬೀದಿಯಲ್ಲಿ ಒಂದು ಯಂತ್ರದ ಸದ್ದೂ ಇರಲಿಲ್ಲ. ಎಂಬತ್ತೆಂಟರ ಆ ಬೇಸಿಗೆಯಲ್ಲಿ ಆದೋನಿಗೆ ದಿನಾ ಮಧ್ಯಾಹ್ನ ಒಂದರಿಂದ ಮೂರರವರೆಗೆ ಕರೆಂಟು ಇರುತ್ತಿರಲಿಲ್ಲ. ಮದುವೆ ಮುಹೂರ್ತವಾದರೂ ತಪ್ಪೀತು, ಮೂರು ಗಂಟೆಗೆ ಕರೆಂಟು ಬರುವುದು ತಪ್ಪುತ್ತಿರಲಿಲ್ಲ.

ರಾಯರು ಆ ಮೂರು ಗಂಟೆಗಾಗಿಯೇ ಬಂದಿದ್ದರು.

ಹದಿನೆಂಟು ದಿನಗಳ ಹಿಂದಿನ ಗುರುವಾರ ಸಂಜೆ, ಆಸ್ಪರಿ ಹಾದಿಯ ಹತ್ತಿ ಗಿರಣಿಯಲ್ಲಿ ಅದರ ಮಾಲೀಕ, ಚಂದ್ರಣ್ಣನ ಕಾಕಾ ಚನ್ನಬಸಯ್ಯನ ಕೊಲೆಯಾಗಿತ್ತು. “ಐದೂ ಮುಕ್ಕಾಲಿಗೆ ಚಂದ್ರಣ್ಣನ ಜೀಪು ಗಿರಣಿ ಒಳಗಿತ್ತು” ಎಂದು ಹೇಳಿದ ಕಾವಲುಗಾರ ಸುಂಕಪ್ಪನೇ ಈಗ ಜೈಲಿನಲ್ಲಿದ್ದ. ಅವನ ಮಾತು ಸುಳ್ಳು ಎಂದು ತೀರ್ಮಾನವಾದದ್ದು ರಾಯರ ಒಂದು ಸಹಿಯಿಂದ.

ಆ ಸಹಿಯ ನೆನಪಾದಾಗಲೆಲ್ಲ ಅವರ ಬಲಗೈ ತಾನಾಗಿ ಪಂಚೆಯ ಮಡಿಕೆಯೊಳಗೆ ಅಡಗುತ್ತಿತ್ತು. ಈಗಲೂ ಅಡಗಿತು.

“ಏನರ ತಗೋತೀರೇನ್ರಿ? ನೀರೂ ಇಲ್ಲೇನು ಇವತ್ತು?”

“ನೀರೂ ಇಲ್ಲ. ಚಂದ್ರಣ್ಣಾ, ನಾ ಒಂದ ಮಾತು ಕೇಳಲಿಕ್ಕೆ ಬಂದೀನಿ.”

“ಒಂದ್ಯಾಕ್ರಿ, ನೂರು ಕೇಳ್ರಿ.”

ರಾಯರು ಮೇಜಿನ ಕಡೆ ನೋಡಿದರು. ಮೇಜಿನ ಮೇಲೆ ಎಡಕ್ಕೆ ಚಂದ್ರಣ್ಣನ ರೇಡಿಯೋ, ಲೈಸೆನ್ಸು ಪಡೆದು ಹವ್ಯಾಸಕ್ಕಾಗಿ ಗಾಳಿಯಲ್ಲಿ ಮಾತಾಡುವವರು ಇಟ್ಟುಕೊಳ್ಳುವಂಥದ್ದು. ಅದರ ಮುಂದೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಬಡಿಯುವ ಹಿತ್ತಾಳೆಯ ಕೀ. ಬಲಕ್ಕೆ ಕಂಪ್ಯೂಟರು. ಇಡೀ ಊರಿನಲ್ಲಿ ಮನೆಯಲ್ಲಿ ಕಂಪ್ಯೂಟರು ಇದ್ದವನು ಅವನೊಬ್ಬನೇ. ಅದನ್ನು ನೋಡಲೆಂದೇ ಎಮ್ಮಿಗನೂರಿನಿಂದ ಜನ ಬಂದು, ನೋಡಿ, ಟಿ.ವಿ.ಯಲ್ಲಿ ಬೊಂಬೆ ಯಾಕೆ ಬರುತ್ತಿಲ್ಲ ಎಂದು ಕೇಳಿ ಹೋಗುತ್ತಿದ್ದರು.

ಕಂಪ್ಯೂಟರಿನ ಬೆನ್ನಿನಿಂದ ಒಂದು ಬೂದುಬಣ್ಣದ ಚಪ್ಪಟೆ ತಂತಿ ಹೊರಟು, ಸಾಬೂನಿನ ಡಬ್ಬಿಯೊಂದರೊಳಗೆ ಹೊಕ್ಕು, ಅಲ್ಲಿಂದ ರೇಡಿಯೋ ಸೇರಿತ್ತು.

“ಆ ತಂತಿ ಪ್ರಿಂಟರಿನದಲ್ಲೇನು?”

“ಪ್ರಿಂಟರ್ ಹಾಕೂ ಕಿಂಡೀನ ಅದು ಗುರುಗಳ. ಪ್ಯಾರಲಲ್ ಪೋರ್ಟು. ಇಪ್ಪತ್ತೈದು ತೂತು ಅದಾವು. ನಿಮಗೇನು ಗೊತ್ತಿಲ್ಲೇನು? ನೀವs ಬೆಸುಗಿ ಹಾಕುವಾಗ ದೀಪ ಹಿಡಿದಿದ್ರಿ.”

ಹಿಡಿದಿದ್ದರು. ಹೋದ ಶ್ರಾವಣದಲ್ಲಿ ಇದೇ ಮೇಜಿನ ಮುಂದೆ ಹಿಡಿದಿದ್ದರು. ಕಂಪ್ಯೂಟರು ಪ್ರಿಂಟರಿಗೆ ಅಕ್ಷರ ಕಳಿಸುವ ಆ ತೂತುಗಳಲ್ಲಿ ಒಂದರಿಂದ ತಂತಿ ಎಳೆದು, ಡಬ್ಬಿಯೊಳಗಿನ ಪುಟ್ಟ ರಿಲೇ ಸ್ವಿಚ್ಚಿಗೆ ಕೊಟ್ಟರೆ, ಕಂಪ್ಯೂಟರು ಹೇಳಿದಾಗ ರಿಲೇ ಟಕ್ಕೆನ್ನುತ್ತದೆ. ರಿಲೇ ಟಕ್ಕೆಂದರೆ ರೇಡಿಯೋಗೆ ಕೀ ಒತ್ತಿದಂತೆಯೇ. ಬೆರಳಿಲ್ಲದೆ ಮೋರ್ಸ್! ಮೂವತ್ತೊಂದು ವರ್ಷ ತಾರು ಕಚೇರಿಯಲ್ಲಿ ಟೆಲಿಗ್ರಾಂ ಬಡಿದು ಬೆರಳು ಸವೆಸಿದ ರಾಯರು ಅಂದು ಎಳೆಮಗುವಿನ ಹಾಗೆ ನಕ್ಕಿದ್ದರು.

ನಕ್ಕು ಸುಮ್ಮನಿದ್ದರೂ ಆಗುತ್ತಿತ್ತು. ಸುಮ್ಮನಿರಲಿಲ್ಲ.

“ಇದಕ್ಕ ಜೀವಾನ ಇಲ್ಲಲ್ಲೋ,” ಎಂದಿದ್ದರು. “ಎಲ್ಲಾ ಚುಕ್ಕಿ ಒಂದs ಅಳತಿ, ಎಲ್ಲಾ ಗೆರಿ ಒಂದs ಅಳತಿ. ಮನಶ್ಯಾನ ಕೈ ಹಿಂಗಿರೂದಿಲ್ಲ. ಮನಶ್ಯಾ ತಪ್ಪತಾನ. ತಪ್ಪಿದ ಕೂಡ್ಲೆ ಎಂಟು ಚುಕ್ಕಿ ಬಡದು, ಸರಿ ಮಾಡಿ ಮುಂದ ಹೋಗ್ತಾನ. ಒಂದ ತಪ್ಪು ಹಾಕಿ ನೋಡು, ಆಗ ನಾನೂ ಮೋಸ ಹೋದೇನು.”

ಚಂದ್ರಣ್ಣ ಒಳ್ಳೆಯ ಶಿಷ್ಯ. ಗುರು ಹೇಳಿದ್ದನ್ನು ಮರೆಯುವವನಲ್ಲ.

ಪ್ರತಿ ಗುರುವಾರ ಸಂಜೆ ಐದರಿಂದ ಆರೂವರೆಯವರೆಗೆ ಹೊಸಬರಿಗಾಗಿ ಅವನು ನಿಧಾನವಾಗಿ ಮೋರ್ಸ್ ಪಾಠ ಕಳಿಸುತ್ತಿದ್ದ. ಕೇಳುವವರು ಕೇಳಿ ಬರೆದುಕೊಳ್ಳಬೇಕು, ನಡುವೆ ಯಾರೂ ಉತ್ತರ ಕೊಡುವ ಹಾಗಿಲ್ಲ. ಆ ಗುರುವಾರವೂ ಪಾಠ ಬಂದಿತ್ತು. ರಾಯರು ಮನೆಯಲ್ಲಿ ಬ್ಯಾಟರಿಗೆ ಕಟ್ಟಿದ ತಮ್ಮ ಸೆಟ್ಟಿನ ಮುಂದೆ ಕೂತು ಬರೆದುಕೊಂಡಿದ್ದರು. ಎರಡನೆಯ ದಿನ ಇನ್‌ಸ್ಪೆಕ್ಟರ್ ಉಚ್ಚೀರಪ್ಪ ಬಂದು ಕೇಳಿದಾಗ ಚೊಕ್ಕ ಅಕ್ಷರದಲ್ಲಿ ನಕಲು ತೆಗೆದು, ಕೆಳಗೆ ಹೀಗೆಂದು ಬರೆದು ಸಹಿ ಹಾಕಿದ್ದರು: “ಇದು ಚಂದ್ರಣ್ಣನ ಕೈ. ನಾನೇ ಕಲಿಸಿದ ಕೈ. ಒಬ್ಬನ ಕೈ ಇನ್ನೊಬ್ಬನಿಗೆ ಬರುವುದಿಲ್ಲ, ಯಂತ್ರಕ್ಕಂತೂ ಬರುವುದೇ ಇಲ್ಲ.”

ಯಾರೂ ಕೇಳದಿದ್ದ ಆ ಕೊನೆಯ ಮಾತನ್ನು ಬರೆಸಿದ್ದು ಜಂಬ. ಬರೀ ಜಂಬ.

ಸುಂಕಪ್ಪ ಮಾತ್ರ ಪೊಲೀಸು ಜೀಪು ಹತ್ತುವಾಗ ರಾಯರಿಗೆ ಕೈಮುಗಿದಿದ್ದ. “ರಾಯರು ಸುಳ್ಳಾಡೋರಲ್ಲ. ನನ್ನ ಕಣ್ಣs ಏನರ ತಪ್ಪಿರಬೇಕು ಬಿಡ್ರಿ ಸಾಮಿ,” ಎಂದಿದ್ದ. ಅದೊಂದು ಮಾತು ರಾಯರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು. ಮೀನು ಮುಟ್ಟದ ಬ್ರಾಹ್ಮಣನ ಗಂಟಲು ಅದು, ಇಂಥ ಮುಳ್ಳಿಗೆ ಅದಕ್ಕೆ ಮದ್ದು ಗೊತ್ತಿರಲಿಲ್ಲ.

“ಕೇಳ್ರಿ ಗುರುಗಳ, ಏನೋ ಕೇಳ್ತೀನಿ ಅಂದ್ರಿ.”

ರಾಯರು ಅಂಗಿಯ ಜೇಬಿನಿಂದ ಮಡಚಿದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದರು. ಎಣ್ಣೆ ಕುಡಿದು ಅರ್ಧ ಪಾರದರ್ಶಕವಾಗಿದ್ದ ಹಾಳೆ. ಅದರ ತುಂಬ ಪೆನ್ಸಿಲಿನ ಅಕ್ಷರ.

“ಇದು ಆವತ್ತಿನ ಕಚ್ಚಾ ಹಾಳಿ. ನಮ್ಮನಿಯಾಕಿ ಹಪ್ಪಳದ ಡಬ್ಬಿ ತಳಕ್ಕ ಹಾಸಿದ್ಲು. ಮೊನ್ನೆ ಕೈಗೆ ಸಿಕ್ತು.”

ಚಂದ್ರಣ್ಣ ಹಾಳೆಯನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದ.

“ಇಲ್ಲಿ ನೋಡು. ಐದೂ ಹತ್ತಕ್ಕ ನಮ್ಮೂರ ಹೆಸರು ಬಡೀವಾಗ ಎನ್ ಬದಲು ಎಮ್ ಬಡದೀ. ‘ಆದೋಮಿ’ ಆತು. ಎಂಟು ಚುಕ್ಕಿ ಬಡದು ತಿದ್ದೀದಿ.”

“ತಪ್ಪು ಆಗ್ತದಲ್ರಿ.”

“ಆಗ್ತದ. ಐದೂ ನಲವತ್ತಕ್ಕ ಊರಾಗ ಕರೆಂಟು ಹೋತು. ನಿನ್ನ ಪಾಠ ನಿಂತು ಹೋತು. ಐವತ್ತಕ್ಕ ಕರೆಂಟು ಬಂತು. ಬಂದ ಕೂಡ್ಲೆ ಒಂದು ಉದ್ದಾನ ಕೂಗು, ಕೀ ಮ್ಯಾಲೆ ಬೆಕ್ಕು ಮಲಗಿದಂಗ. ಆಮ್ಯಾಲೆ ಪಾಠ ಮೊದಲಿಂದ ಸುರು. ಹರಿಃ ಓಂ ಅಂತ ಮೊದಲಿಂದ! ಮನಶ್ಯಾ ಆಗಿದ್ರ ಏನ್ ಮಾಡ್ತಿದ್ದ? ‘ಕರೆಂಟು ಹೋಗಿತ್ತು’ ಅಂದು, ಬಿಟ್ಟಲ್ಲಿಂದ ಮುಂದ ಹೋಗ್ತಿದ್ದ.”

“ಹೊಸಬರ ಸಲುವಾಗಿ ತಿರುಗಿ ಹೇಳೀನಿ.”

“ಹೌದಾ? ಹಂಗಾರ ಇದು ನೋಡು.” ರಾಯರ ಬೆರಳು ಹಾಳೆಯ ಕೆಳತುದಿಗೆ ಹೋಯಿತು. “ಆರು ಗಂಟೆ. ಅದs ಹೆಸರು, ಅದs ಎಮ್ಮು, ಅದs ಎಂಟು ಚುಕ್ಕಿ. ಮನಶ್ಯಾ ತಪ್ಪು ಮಾಡ್ತಾನ ಚಂದ್ರಣ್ಣಾ. ಒಂದs ತಪ್ಪು, ಒಂದs ಜಾಗಾದಾಗ, ಒಂದs ನಮೂನಿ ಎರಡು ಸಲ ಮಾಡೂದಿಲ್ಲ.”

ಕೆಳಗಿನಿಂದ ಅವನ ತಾಯಿ ಬಸಲಿಂಗಮ್ಮ ಯಾರನ್ನೋ ಬೈಯುವುದು ಕೇಳುತ್ತಿತ್ತು.

“ಪೊಲೀಸರಿಗೆ ಕೊಟ್ಟ ನಕಲಿನಾಗ ಇದು ಇರಲಿಲ್ಲಲ್ರಿ?” ಎಂದ ಚಂದ್ರಣ್ಣ, ಮೃದುವಾಗಿ.

ಇರಲಿಲ್ಲ. ಇದೇ ರಾಯರನ್ನು ಎರಡು ರಾತ್ರಿ ಮಲಗಗೊಡದ ಸಂಗತಿ. ತಾರು ಕಚೇರಿಯ ಪಾಠವೇ ಹಾಗೆ. ಎಂಟು ಚುಕ್ಕೆ ಕೇಳಿದೆಯಾ, ಅದರ ಹಿಂದಿನ ಪದ ಹೊಡೆದುಹಾಕು. ತಾರು ಎರಡು ಸಲ ಬಂತೇ, ಒಂದೇ ಸಲ ಬರೆ. ಮದುವೆಯ ತಾರು, ಸಾವಿನ ತಾರು, ಯಾವುದರಲ್ಲೂ ಕಳಿಸಿದವನ ತಪ್ಪು ಓದುವವನ ಕಣ್ಣಿಗೆ ಬೀಳಬಾರದು. ಮೂವತ್ತೊಂದು ವರ್ಷ ಹೀಗೆ ಪರರ ತಪ್ಪುಗಳನ್ನು ಒರೆಸಿ ಒರೆಸಿ, ಕಡೆಗೆ ಕೊಲೆಗಾರನ ತಪ್ಪನ್ನೂ ಅವರು ಅಷ್ಟೇ ಚೊಕ್ಕವಾಗಿ ಒರೆಸಿ ಕೊಟ್ಟಿದ್ದರು.

“ನಾ ಮಾಡಿದ್ದು ಪಾಪ,” ಎಂದರು ರಾಯರು. “ಅದನ್ನ ತೊಳಕೊಳ್ಳಲಿಕ್ಕೇ ಬಂದೀನಿ. ನಿಮ್ಮ ಕಾಕಾ ಗಿರಣಿ ಮಾರತೀನಿ ಅಂದಿದ್ದ, ನೀನು ಬ್ಯಾಡ ಅಂದಿದ್ದಿ. ಅಷ್ಟs ನನಗ ಗೊತ್ತು. ಉಳಿದದ್ದು ನೀನು ಹೇಳಬೇಕು.”

“ಹೇಳಲಿಲ್ಲ ಅಂದ್ರ?”

“ನಿನ್ನ ಯಂತ್ರ ಹೇಳ್ತದ.” ರಾಯರು ಗಡಿಯಾರ ನೋಡಿದರು. ಎರಡೂ ಐವತ್ತೈದು. “ಕರೆಂಟು ಬಂದ ಕೂಡ್ಲೆ ಈ ಕಂಪ್ಯೂಟರು ಎಚ್ಚರಾಗಿ, ಪ್ರಿಂಟರು ಐತೋ ಇಲ್ಲೋ ಅಂತ ಆ ಕಿಂಡೀನ ತಟ್ಟಿ ನೋಡ್ತದ. ನೀನs ಹೇಳಿದ್ದಿ. ಆಗ ರಿಲೇ ಹಿಡದು ರೇಡಿಯೋ ಕೂಗ್ತದ. ಆಮ್ಯಾಲೆ ಒಳಗ ಹಾಕಿದ ಫ್ಲಾಪಿಯಾಗಿನ ಪಾಠ ತಾನಾಗೇ ಸುರು ಆಗ್ತದ. ಸ್ವಿಚ್ಚು ಎಲ್ಲಾ ಹಚ್ಚಿ ಕೂಡು. ಏನೂ ಆಗಲಿಲ್ಲ ಅಂದ್ರ ನಾ ನಿನ್ನ ಕ್ಷಮಾ ಕೇಳಿ ಇಳದು ಹೋಗ್ತೀನಿ.”

ಅವನು ನಿರಾಕರಿಸುತ್ತಾನೆ ಎಂದುಕೊಂಡಿದ್ದರು. ನಿರಾಕರಿಸಿದರೂ ಅದೇ ಸಾಕ್ಷಿ ಆಗುತ್ತಿತ್ತು. ಆದರೆ ಚಂದ್ರಣ್ಣ ನಕ್ಕ.

“ಆಗಲ್ರಿ. ಅದಕ್ಕೇನಂತ. ಸೆಕಿ ಬಾಳ ಐತಿ, ಕಿಟಕಿ ತೆಗೀತೀನಿ ತಡೀರಿ.”

ಎದ್ದು ಮೇಜಿನ ಹಿಂದೆ ಹೋದ. ಕಿಟಕಿ ಕಿರುಗುಟ್ಟಿತು. ಅದರ ಜೊತೆಗೆ ಟಕ್, ಟಕ್ ಎಂದು ಎರಡು ಸಣ್ಣ ಸದ್ದು. ಅಗಳಿ ಇರಬೇಕೆಂದು ರಾಯರು ಬಿಟ್ಟರು. ಅವರ ಮನಸ್ಸು ಆಗ ತಮ್ಮ ಮನೆಯಲ್ಲಿತ್ತು.

ಮನೆಯಲ್ಲಿ, ಅವರ ಸೆಟ್ಟಿನ ಮುಂದೆ, ಈ ಹೊತ್ತಿಗೆ ಇನ್‌ಸ್ಪೆಕ್ಟರ್ ಉಚ್ಚೀರಪ್ಪ ಕೂತಿದ್ದ. ಪಕ್ಕದಲ್ಲಿ ಎಮ್ಮಿಗನೂರಿನಿಂದ ಹನ್ನೆರಡರ ಬಸ್ಸಿಗೆ ಬಂದ ಹಳೆಯ ತಾರು ಮಾಸ್ತರ ಕೃಷ್ಣಮೂರ್ತಿ, ರಾಯರ ಜೊತೆ ಮೂವತ್ತು ವರ್ಷ ತಂತಿ ಹಂಚಿಕೊಂಡವನು, ಪೆನ್ಸಿಲು ಹಿಡಿದು ಕಾದಿದ್ದ. ಇನ್‌ಸ್ಪೆಕ್ಟರನಿಗೆ ನಂಬಿಕೆ ಇರಲಿಲ್ಲ. “ಏಮಂಡಿ ರಾವುಗಾರು, ಆ ಹೆಂಗಸು ಬಂದು ಅತ್ತಳಂತ ಮಾತು ಬದಲಾಯಿಸ್ತಿಲ್ಲ ಗದಾ?” ಎಂದು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಮೊದಲೇ ಕೇಳಿದ್ದ. ಕಡೆಗೆ, “ಇವತ್ತು ಒಂದೇ ಸಲ ಕೇಳ್ತೀನಿ. ನಾಳೆ ಕೋರ್ಟಿಗೆ ಕಾಗದ ಹೋಗ್ತಾವು,” ಎಂದಿದ್ದ.

ಆ ಹೆಂಗಸು ಸುಂಕಪ್ಪನ ಹೆಂಡತಿ ಅಂಬಮ್ಮ. ಇವತ್ತು ಬೆಳಿಗ್ಗೆ ಏಳಕ್ಕೇ ಬಂದು ರಾಯರ ಕಾಲಬುಡದಲ್ಲಿ ಕೂತಿದ್ದಳು. ಅವಳೆದುರು ಬಾಯಿಬಿಟ್ಟು ಹೇಳಿ ಆಸೆ ಹುಟ್ಟಿಸುವುದು ಬೇಡವೆಂದು, ರಾಯರು ಕೀ ಎಳೆದುಕೊಂಡು, ಎಮ್ಮಿಗನೂರಿನಲ್ಲಿದ್ದ ಕೃಷ್ಣಮೂರ್ತಿಗೆ ರೇಡಿಯೋದಲ್ಲಿ ಮೋರ್ಸಿನಲ್ಲೇ ಹೇಳಿದ್ದರು. ಯಾವಾಗಲೂ ಹಾಗೆಯೇ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು. ಮೂರಕ್ಕೆ ಬಾ. ಚಂದ್ರಣ್ಣನ ಯಂತ್ರ ಕೂಗುತ್ತದೆ. ಬಂದದ್ದೆಲ್ಲ ಬರೆ. ತಪ್ಪನ್ನು ಹೊಡೆಯಬೇಡ, ತಪ್ಪನ್ನೂ ಬರೆ. ಅಂಬಮ್ಮ ಆ ಕಟಕಟ ಸದ್ದು ಕೇಳುತ್ತ ಕಣ್ಣೊರೆಸಿಕೊಂಡಳು. ಅವಳಿಗೆ ಏನೂ ತಿಳಿಯಲಿಲ್ಲ. ಹೆಂಡತಿ ತುಂಗಾಬಾಯಿಗೂ ತಿಳಿಯಲಿಲ್ಲ. ಮೂವತ್ತು ವರ್ಷದಿಂದ ಇಬ್ಬರೂ ಮನೆಮಂದಿಯ ಎದುರಿಗೇ ಹೀಗೆ ಗುಟ್ಟು ಮಾತಾಡುತ್ತ ಬಂದವರು.

ಗಡಿಯಾರ ಮೂರು ಹೊಡೆಯಿತು. ಫ್ಯಾನು ನರಳಿ ತಿರುಗಿತು. ಕಂಪ್ಯೂಟರಿನ ಪರದೆ ಹಸಿರಾಯಿತು. ಸಾಬೂನಿನ ಡಬ್ಬಿಯೊಳಗೆ ಟಕ್ ಎಂದು ರಿಲೇ ಹಿಡಿಯಿತು, ರೇಡಿಯೋದಿಂದ ಉದ್ದನೆಯ ಕೂಗು ಎದ್ದಿತು.

“ಕೇಳಿದ್ಯಾ!” ರಾಯರು ಎದ್ದೇ ನಿಂತರು. “ಇದs, ಇದs ಆವತ್ತಿನ ಕೂಗು!”

ಚಂದ್ರಣ್ಣ ಕೈಕಟ್ಟಿ ನಿಂತಿದ್ದ. “ಪೂರಾ ಕೇಳ್ರಿ ಗುರುಗಳ.”

ಕೂಗು ನಿಂತಿತು. ಫ್ಲಾಪಿ ಕರಕರ ಎಂದಿತು. ಮೋರ್ಸ್ ಶುರುವಾಯಿತು.

ಮೊದಲ ಎರಡು ಅಕ್ಷರಕ್ಕೇ ರಾಯರಿಗೆ ತಿಳಿಯಿತು. ಇದು ಚಂದ್ರಣ್ಣನ ಕೈಯಲ್ಲ. ಪ್ರತಿ ಪದದ ಕೊನೆಯ ಗೆರೆಯನ್ನು ತುಸು ಎಳೆಯುವ, ಚುಕ್ಕೆಗಳ ನಡುವೆ ಉಸಿರು ತೆಗೆದುಕೊಳ್ಳುವ ಆ ಕೈಯನ್ನು ಅವರು ಎಲ್ಲಿದ್ದರೂ ಗುರುತಿಸಬಲ್ಲರು. ಅದು ಅವರದೇ ಕೈ. ಬಡಿದದ್ದು ಅವರದೇ ಕರೆಸಂಕೇತ, ರೇಡಿಯೋದಲ್ಲಿ ಅವರ ಹೆಸರು.

“ನಾಕು ತಿಂಗಳು ಈ ಕೀ ಮ್ಯಾಲೆ ಕೂತು ಪರೀಕ್ಷಾ ಮಾಡಿದ್ರಲ್ರಿ,” ಎಂದ ಚಂದ್ರಣ್ಣ, ಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ. “ಆ ಕಿಂಡಿಯೊಳಗ ಹೊರಗ ಹೋಗೂ ತೂತು ಅಷ್ಟs ಅಲ್ಲ, ಒಳಗ ಬರೂ ತೂತೂ ಅದಾವು. ನನ್ನ ಕೈ ಅದರಾಗೇ ತುಂಬಿಟ್ಟೆ. ನಿಮ್ಮ ಕೈನೂ ಕೂಡೇ ಉಳೀತು. ಇನ್ನ ಬೆಳಿಗ್ಗೆ ಕೃಷ್ಣಮೂರ್ತಿಯೋರಿಗೆ ಹೇಳಿದ್ದು ನನಗೂ ಕೇಳಿಸ್ತು, ಅಂಬಮ್ಮ ನಿಮ್ಮನಿಗೆ ಬಂದದ್ದೂ ತಿಳೀತು. ಮೋರ್ಸ್ ತಿಳಿಯೂ ಕಿವಿ ನನಗ ಕೊಟ್ಟೋರು ನೀವs ಅಲ್ಲೇನ್ರಿ?”

ರಾಯರಿಗೆ ಕಿಟಕಿಯ ಅಗಳಿಯ ಸದ್ದು ಈಗ ಅರ್ಥವಾಯಿತು. ಅದು ಫ್ಲಾಪಿ ಬದಲಿಸಿದ ಸದ್ದು. ಗಾಳಿಯಲ್ಲಿ ಕೂಗಿ ಹೇಳಿದ್ದನ್ನು ಗುಟ್ಟೆಂದುಕೊಂಡ ತಮ್ಮ ದಡ್ಡತನಕ್ಕೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಆದರೆ ಕಿವಿ ತನ್ನ ಕೆಲಸ ಬಿಡಲಿಲ್ಲ. ಅದು ಒಂದೊಂದೇ ಅಕ್ಷರ ಕೂಡಿಸುತ್ತಿತ್ತು. ಕನ್ನಡದ ಮಾತು, ಅವರೂ ಕೃಷ್ಣಮೂರ್ತಿಯೂ ಬರೆಯುವ ಹಾಗೆಯೇ.

ಅಂಬಮ್ಮನ ಕಣ್ಣೀರಿಗೆ ಸೋತು ಮಾತು ಬದಲಿಸಿದೆ.

“ನಿಲ್ಲಿಸೋ!”

“ನಿಲ್ಲಿಸಿದ್ರ ಅರ್ಧಕ್ಕ ನಿಲ್ತದ. ಯಂತ್ರ ಬಡದೈತಿ ಅಂತ ನೀವು ಯಾರ ಮುಂದ ಹೇಳ್ತೀರಿ? ಕೈ ಯಂತ್ರಕ್ಕ ಬರೂದೇ ಇಲ್ಲ ಅಂತ ಬರದು ಸಹಿ ಹಾಕಿದೋರು ನೀವು. ಅಲ್ಲಿ ಕೂತೋರು ಕೃಷ್ಣಮೂರ್ತಿಯೋರು, ನಿಮ್ಮ ಕೈ ಅವರು ಗುರ್ತು ಹಿಡೀಲಾರದೇ ಇರ್ತಾರೇನು?”

ಹಿಡಿಯುತ್ತಾನೆ. ಕಣ್ಣು ಮುಚ್ಚಿ ಹಿಡಿಯುತ್ತಾನೆ. “ಇದು ನಮ್ಮ ಸೇತುವಿನ ಕೈ, ಪಶ್ಚಾತ್ತಾಪ ಆಗಿ ತಾನೇ ಬಡೀತಿದ್ದಾನೆ,” ಎಂದು ಇನ್‌ಸ್ಪೆಕ್ಟರನಿಗೆ ಪ್ರಮಾಣ ಮಾಡಿ ಹೇಳುತ್ತಾನೆ. ಹದಿನೇಳು ದಿನದ ಹಿಂದೆ ತಾವು ಮಾಡಿದ್ದೂ ಅದನ್ನೇ ಅಲ್ಲವೇ?

ರೇಡಿಯೋ ಬಡಿಯುತ್ತಲೇ ಇತ್ತು. ಸುಂಕಪ್ಪ. ನಿರಪರಾಧಿ. ಅಲ್ಲ.

ನಿಂತಿತು.

ತಮ್ಮದೇ ಕೈ ಇನ್ನೊಮ್ಮೆ ಸುಂಕಪ್ಪನ ಕೊರಳಿಗೆ ಹಗ್ಗ ಹಾಕಿತ್ತು. ರಾಯರಿಗೆ ಅಳು ಬಂತು. ಅಳುತ್ತಲೇ ಆ ಮೂರು ಪದಗಳನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಓದಿದರು. ಸುಂಕಪ್ಪ ನಿರಪರಾಧಿ ಅಲ್ಲ. ಅಲ್ಲ ಎಂಬುದು ಕೊನೆಯ ಪದ.

ಕೊನೆಯ ಪದ!

ಅರವತ್ತನಾಲ್ಕು ವರ್ಷದ ಉಪವಾಸದ ದೇಹ ಅಷ್ಟು ಬೇಗ ಮೇಜು ಮುಟ್ಟೀತೆಂದು ಚಂದ್ರಣ್ಣ ಎಣಿಸಿರಲಿಲ್ಲ. ರಾಯರು ಹಿತ್ತಾಳೆಯ ಕೀ ಮೇಲೆ ಬೆರಳಿಟ್ಟು ಚುಕ್ಕೆ ಬಡಿಯತೊಡಗಿದರು. ಒಂದು, ಎರಡು, ಮೂರು, ನಾಲ್ಕು.

ಐದನೆಯದಕ್ಕೆ ಶಿಷ್ಯನಿಗೆ ಅರ್ಥವಾಯಿತು. “ಏಯ್!” ಎಂದು ಹಾರಿ ಬಂದ. ಆರು. ಏಳು. ಎಂಟನೆಯದಕ್ಕೆ ಬೆರಳು ಒತ್ತುವುದೂ ಅವನು ರಾಯರ ಮುಂಗೈ ಹಿಡಿದು ತಿರುಚುವುದೂ ಒಂದೇ ಆಯಿತು. ಕೀ ಮೇಜಿನಿಂದ ಉರುಳಿ ಕೆಳಗೆ ಬಿತ್ತು.

ಎಂಟನೆಯ ಚುಕ್ಕೆ ಹೋಯಿತೇ? ಇಬ್ಬರಿಗೂ ಗೊತ್ತಿರಲಿಲ್ಲ. ಹೋಗಿದ್ದರೂ ಕೃಷ್ಣಮೂರ್ತಿ ಏನು ಮಾಡುತ್ತಾನೆ? ಎಂಟು ಚುಕ್ಕೆ ಕೇಳಿದರೆ ಹಿಂದಿನ ಪದ ಹೊಡೆಯುವುದು ಅವನ ಮೂವತ್ತು ವರ್ಷದ ರೂಢಿ. ಹೊಡೆದರೆ ಉಳಿಯುವುದು, ಸುಂಕಪ್ಪ ನಿರಪರಾಧಿ. ಇವತ್ತು ಏನನ್ನೂ ಹೊಡೆಯಬೇಡ ಎಂದದ್ದು ರಾಯರದೇ ಮಾತು.

ಚಂದ್ರಣ್ಣ ಅವರ ಮುಂಗೈ ಬಿಡಲಿಲ್ಲ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿತ್ತು.

ಆಗ ರೇಡಿಯೋ ತಾನಾಗಿ ಗೊರಗುಟ್ಟಿತು. ರಾಯರ ಮನೆಯ ಸೆಟ್ಟಿನಿಂದ ಕೃಷ್ಣಮೂರ್ತಿಯ ಮುದಿ ಕೈ, ನಿಧಾನವಾಗಿ, ಒಂದೇ ಒಂದು ಅಕ್ಷರ ಬಡಿಯಿತು. ಚುಕ್ಕೆ, ಗೆರೆ, ಚುಕ್ಕೆ.

ತಲುಪಿತು ಎಂದು ಅದರ ಅರ್ಥ. ಯಾವುದು ತಲುಪಿತು ಎಂದು ಅವನು ಹೇಳಲಿಲ್ಲ. ತುಸು ಹೊತ್ತಿಗೆ ಕೆಳಗೆ ಬೀದಿಯಲ್ಲಿ ಪೊಲೀಸು ಜೀಪು ಬಂದು ನಿಂತ ಸದ್ದಾಯಿತು. “ಯಾರ ಸಲುವಾಗಿ ಬಂದೀರ್ರಿ?” ಎಂದು ಬಸಲಿಂಗಮ್ಮ ಬಾಗಿಲಲ್ಲಿ ಕೇಳುತ್ತಿದ್ದಳು.